ಒಳಗ ಅಸ್ಮಾನಿ, ಹೊರಗ ಬ್ಯಾಡ

ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಬಿಡಿಸಿದರೆ ತಿಳಿನೀಲಿ ಒಂದಕ್ಕೇ ಎರಡು ಮೂರು ಪುಟ ಇರುತ್ತವೆ. ಒಂದೊಂದು ಚೌಕಕ್ಕೂ ಒಂದೊಂದು ಇಂಗ್ಲಿಷ್ ಹೆಸರು. ಯಾವುದೋ ಕಡಲು, ಯಾವುದೋ ಮಂಜು, ಯಾವುದೋ ಹಕ್ಕಿಯ ಮೊಟ್ಟೆ. ಪಕ್ಕಪಕ್ಕದ ಎರಡು ಚೌಕಕ್ಕೆ ಏನು ವ್ಯತ್ಯಾಸ ಅಂತ ಅಂಗಡಿಯವನನ್ನೇ ಕೇಳಿ ನೋಡಿ, ಅವನೂ ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡ್ತಾನೆ. ನಮ್ಮೂರಲ್ಲಿ ಆ ಮೂರೂ ಪುಟಕ್ಕೆ ಸೇರಿ ಇರೋದು ಒಂದೇ ಹೆಸರು. ಅಸ್ಮಾನಿ.

ನಮ್ಮೂರು ಯಾದಗಿರಿ ಸೀಮೆಯ ಬಳಿಚಕ್ರ. ಅಸ್ಮಾನ್ ಅಂದರೆ ಆಕಾಶ, ಫಾರ್ಸಿಯಿಂದ ಉರ್ದುವಿಗೆ, ಉರ್ದುವಿನಿಂದ ನಮ್ಮ ಕನ್ನಡಕ್ಕೆ ಬಂದ ಮಾತು. 1948ರ ಸೆಪ್ಟೆಂಬರ್ ತನಕ ನಾವು ನಿಜಾಮನ ಪ್ರಜೆಗಳು, 1956ರ ತನಕ ಹೈದರಾಬಾದ್ ರಾಜ್ಯದವರು. ರಾಜ್ಯ ಹೋಯಿತು, ಬಣ್ಣದ ಹೆಸರು ಉಳಿಯಿತು. ಬೆಂಗಳೂರಿನಲ್ಲಿ ಅಸ್ಮಾನಿ ಅಂದರೆ ಯಾರಿಗೂ ಗೊತ್ತಾಗೋದಿಲ್ಲ, ಅಲ್ಲಿ ಅದು ಸ್ಕೈ ಬ್ಲೂ. ಎರಡರ ಅರ್ಥವೂ ಒಂದೇ, ಎರಡೂ ಹೊರಗಿನಿಂದ ಬಂದ ಮಾತೇ. ಆದರೆ ಒಂದು ಮಾತಾಡಿದರೆ ಹಳ್ಳಿಯವನು, ಇನ್ನೊಂದು ಮಾತಾಡಿದರೆ ಟೇಸ್ಟ್ ಇರುವವನು.

ಇದೆಲ್ಲ ಯಾಕೆ ತಲೆಗೆ ಬಂತು ಅಂದರೆ, ಊರಲ್ಲಿ ಅಪ್ಪ ಅವ್ವನಿಗೆ ಹೊಸ ಮನೆ ಕಟ್ಟಿಸ್ತಿದ್ದೀವಿ. ಸ್ಲ್ಯಾಬ್ ಬಿತ್ತು, ಪ್ಲಾಸ್ಟರ್ ಒಣಗಿತು, ಈಗ ಬಣ್ಣದ ಮಾತು ನಡೆದಿದೆ. ಅವ್ವ ಎರಡನೇ ಯೋಚನೆ ಇಲ್ಲದೆ ಹೇಳಿಬಿಟ್ಟಳು, "ಅಸ್ಮಾನಿ ಹಚ್ಚಸಪ್ಪ, ಕಣ್ಣಿಗೆ ತಂಪ ಇರ್ತದ." ಆಫೀಸಿನಲ್ಲಿ ಈಗಷ್ಟೇ ಫ್ಲ್ಯಾಟ್ ಇಂಟೀರಿಯರ್ ಮುಗಿಸಿದ ಗೆಳೆಯನಿಗೆ ಇದನ್ನ ಹೇಳಿದರೆ, "ಬ್ಲೂ ಬೇಡ ಮಗಾ, ಸರ್ಕಾರಿ ಆಸ್ಪತ್ರೆ ಥರ ಕಾಣುತ್ತೆ. ಗ್ರೇಜ್ ಹಾಕ್ಸು" ಅಂದ. ಗ್ರೇ ಪ್ಲಸ್ ಬೇಜ್, ಗ್ರೇಜ್ ಅಂತೆ. ನಮ್ಮೂರಲ್ಲಿ ಅದಕ್ಕೆ ಬೂದಿ ಬಣ್ಣ ಅಂತಾರೆ.

ಒಂದು ಬಣ್ಣ ಒಬ್ಬರಿಗೆ ತಂಪು, ಇನ್ನೊಬ್ಬರಿಗೆ ಸರ್ಕಾರಿ ಆಸ್ಪತ್ರೆ. ಇದು ಹೇಗೆ ಆಯಿತು ಅಂತ ಹುಡುಕುತ್ತಾ ಹೋದೆ. ರಾತ್ರಿ ಡಿಪ್ಲಾಯ್‌ಮೆಂಟ್ ಕಾಯುವಾಗ ಓದೋಕೆ ಇದಕ್ಕಿಂತ ಒಳ್ಳೆ ವಿಷಯ ಸಿಗೋದಿಲ್ಲ.

ಮೊದಲು ಸುಣ್ಣದಿಂದ ಶುರು ಮಾಡಬೇಕು. ನಾನು ಸಣ್ಣವನಿದ್ದಾಗ ನಮ್ಮ ಕಡೆ ಮನೆಗೆ ಬಣ್ಣ ಅನ್ನೋದು ಇರಲಿಲ್ಲ, ಸುಣ್ಣ ಇತ್ತು. ವರ್ಷಕ್ಕೊಮ್ಮೆ ಹಬ್ಬಕ್ಕೋ, ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಬೀಗರು ಬರುತ್ತಾರೆ ಅಂತಲೋ ಸುಣ್ಣ ಹಚ್ಚೋದು. (ಬೆಂಗಳೂರು ಕಡೆ ಸುಣ್ಣ 'ಬಳಿಯೋದು' ಅಂತಾರೆ. ಬಳಿಚಕ್ರದವನಾದ ನಾನು 'ಹಚ್ಚೋದು' ಅಂತೀನಿ, ನೋಡಿ ವಿಚಿತ್ರ.) ಸುಟ್ಟ ಸುಣ್ಣದ ಕಲ್ಲನ್ನು ಹಳೇ ಡ್ರಮ್ಮಿಗೆ ಹಾಕಿ ನೀರು ಹುಯ್ದರೆ ಅದು ಬೆಂಕಿಯಿಲ್ಲದೇ ಕುದಿಯುತ್ತಿತ್ತು. ಹುಡುಗರಿಗೆ ಹತ್ತಿರ ಹೋಗೋಕೆ ಬಿಡುತ್ತಿರಲಿಲ್ಲ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗುತ್ತೆ ಅಂತ. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹಳೇ ಸೀರೆಯಲ್ಲಿ ಸೋಸಿ, ಅದಕ್ಕೆ ಒಂದಿಷ್ಟು ಅಂಟು, ಒಂದು ಹಿಡಿ ಉಪ್ಪು. ಆಮೇಲೆ ಕೊನೆಯಲ್ಲಿ ಅಜ್ಜಿ ಬಂದು ಸಣ್ಣ ಬಟ್ಟೆ ಗಂಟಿನಲ್ಲಿ ಕಟ್ಟಿದ ನೀಲಿ ಪುಡಿಯನ್ನು ಆ ಬಿಳಿಯಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದಳು. ಎಷ್ಟು ಅದ್ದಬೇಕು ಅನ್ನೋದಕ್ಕೆ ಅಳತೆ ಇಲ್ಲ. ಕುಂಚದಿಂದ ಗೋಡೆಯ ಮೂಲೆಗೆ ಒಂದು ಗೆರೆ ಎಳೆದು, ಒಣಗುವ ತನಕ ಕೂತು ನೋಡಿ, ಇನ್ನೂ ಎರಡು ಸಲ ಅದ್ದುವಳು. ಹಸಿ ಇದ್ದಾಗ ಸುಣ್ಣದ ಬಣ್ಣ ಒಂದು, ಒಣಗಿದ ಮೇಲೆ ಇನ್ನೊಂದು. ಈಗಿನ ಕಂಪನಿಗಳು 'ಸ್ಯಾಂಪಲ್ ಪ್ಯಾಚ್ ಹಾಕಿ, 24 ಗಂಟೆ ಬಿಟ್ಟು ನೋಡಿ' ಅಂತ ಡಬ್ಬಿ ಮೇಲೆ ಬರೀತಾರಲ್ಲ, ಅದೇ ಕೆಲಸ.

ಸ್ವಲ್ಪ ಅದ್ದಿದರೆ ಗೋಡೆ ನೀಲಿ ಆಗುವುದಿಲ್ಲ, ಇನ್ನೂ ಬಿಳಿ ಆಗುತ್ತೆ. ಸುಟ್ಟ ಸುಣ್ಣದಲ್ಲಿ ಮಣ್ಣು, ಕಬ್ಬಿಣದ ಅಂಶ ಸೇರಿ ಒಂದು ಹಳದಿ ಛಾಯೆ ಇರುತ್ತೆ. ಹಳದಿಗೆ ಎದುರು ನೀಲಿ. ಒಂದು ಚಿಟಿಕೆ ನೀಲಿ ಆ ಹಳದಿಯನ್ನು ಕೊಲ್ಲುತ್ತೆ, ಕಣ್ಣು ಅದನ್ನ ಬಿಳಿ ಅಂತ ಓದುತ್ತೆ. ಬಿಳಿ ಅಂಗಿಗೆ ನೀಲಿ ಹಾಕೋದೂ ಇದಕ್ಕೇ. ಇನ್ನೂ ಹೆಚ್ಚು ಅದ್ದಿದರೆ ಬಿಳಿ ದಾಟಿ ಅಸ್ಮಾನಿಗೆ ಬರುತ್ತೆ. ಅಂದರೆ ನಮ್ಮ ಕಡೆಯ ತಿಳಿನೀಲಿ ಗೋಡೆ ಅನ್ನೋದು ಬೇರೆ ಬಣ್ಣದ ಆಯ್ಕೆ ಅಲ್ಲವೇ ಅಲ್ಲ. ಬಿಳಿ ಮಾಡಲು ಹೊರಟು ಕೈ ಸ್ವಲ್ಪ ಧಾರಾಳವಾದರೆ ಸಿಗುವ ಬಣ್ಣ. ಅದಕ್ಕೇ ಅದು ಎಲ್ಲರ ಮನೆಯಲ್ಲೂ ಇತ್ತು. ಹೆಚ್ಚಿಗೆ ದುಡ್ಡು ಬೇಡ, ಸುಣ್ಣದ ಬೆಲೆಗೆ ಒಂದು ಪುಡಿಕೆ ಸೇರಿಸಿದರೆ ಆಯಿತು.

ಆ ಪುಡಿಕೆಯಲ್ಲಿ ಏನಿತ್ತು? ನೀಲಿ ಅಂದ ಕೂಡಲೇ ಬಹಳ ಮಂದಿ ಶಾಲೆಯಲ್ಲಿ ಓದಿದ ನೀಲಿ ಬೆಳೆ, ಚಂಪಾರಣ್ ಅಂತ ನೆನಪು ಮಾಡ್ಕೊತಾರೆ. ಅದು ಬೇರೆ ನೀಲಿ, ಅದರ ಕತೆ ಆಮೇಲೆ. ನಮ್ಮ ಅಂಗಡಿಗಳಲ್ಲಿ ಸಿಗುತ್ತಿದ್ದ ಬಟ್ಟೆ ನೀಲಿಯ ಪುಡಿ ಅಲ್ಟ್ರಾಮರೀನ್. ಗಿಡದ್ದಲ್ಲ, ಕಲ್ಲಿನದು. ಕಲ್ಲಿನದು ಅನ್ನೋದಕ್ಕಿಂತ, ಕಲ್ಲನ್ನು ನಕಲು ಮಾಡಿದ್ದು.

ಅಸಲಿ ಕಲ್ಲು ಲ್ಯಾಪಿಸ್ ಲಜುಲಿ. ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳಲ್ಲಿ ಸಾವಿರಾರು ವರ್ಷದಿಂದ ಅಗೆಯುತ್ತಿದ್ದಾರೆ. ಅಜಂತಾದ ಐದನೇ ಶತಮಾನದ ಗುಹೆಗಳ ಚಿತ್ರಗಳಲ್ಲಿ ಈ ಕಲ್ಲಿನ ನೀಲಿ ಇದೆ. ಅಂದರೆ ಹದಿನೈದು ನೂರು ವರ್ಷದ ಹಿಂದೆ ಯಾರೋ ಅದನ್ನ ಕತ್ತೆ, ಒಂಟೆ ಮೇಲೆ ಹೇರಿಕೊಂಡು ಡೆಕ್ಕನ್ ತನಕ ತಂದಿದ್ದಾರೆ. ಯುರೋಪಿನಲ್ಲಿ ಅದಕ್ಕೆ ಚಿನ್ನದ ಜೊತೆ ತೂಗುವ ಬೆಲೆ, ಮೇರಿ ಮಾತೆಯ ಮೇಲುವಸ್ತ್ರಕ್ಕೆ ಮಾತ್ರ ಮೀಸಲಿಡುವಷ್ಟು. ಸಮುದ್ರದಾಚೆಯಿಂದ ಬಂದದ್ದು ಅಂತಲೇ ಹೆಸರು ಅಲ್ಟ್ರಾ ಮರೀನ್.

ಈ ನೀಲಿ ಅಗ್ಗವಾದ ಕತೆಯಲ್ಲೂ ಸುಣ್ಣ ಇದೆ, ನನಗೆ ತುಂಬಾ ಇಷ್ಟವಾದ ಭಾಗ ಇದು. ಜರ್ಮನ್ ಕವಿ ಗೋಯಥೆ 1787ರಲ್ಲಿ ಇಟಲಿ ಸುತ್ತುವಾಗ ಸಿಸಿಲಿಯ ಪಲೆರ್ಮೊ ಹತ್ತಿರದ ಸುಣ್ಣದ ಭಟ್ಟಿಗಳ ಗೋಡೆಗೆ ನೀಲಿ ಗಾಜಿನಂಥದ್ದು ಅಂಟಿರೋದನ್ನ ನೋಡಿದ. ಅಲ್ಲಿನವರು ಅದನ್ನ ಕಿತ್ತು ಅಲಂಕಾರಕ್ಕೆ ಬಳಸ್ತಿದ್ದರು. 1814ರಲ್ಲಿ ಫ್ರಾನ್ಸಿನ ಒಂದು ಕಾರ್ಖಾನೆಯ ಕುಲುಮೆಯಲ್ಲೂ ಅಂಥದ್ದೇ ಕಂಡಿತು. ಭಟ್ಟಿಯಲ್ಲಿ ತಾನಾಗೇ ಆಗುತ್ತೆ ಅಂದರೆ ಬೇಕೆಂದೇ ಮಾಡೋಕೂ ಬರಬೇಕಲ್ಲ ಅಂತ ಅಲ್ಲಿನ ಉದ್ಯಮ ಸಂಘವೊಂದು 1824ರಲ್ಲಿ 6,000 ಫ್ರಾಂಕ್ ಬಹುಮಾನ ಇಟ್ಟಿತು. 1828ರಲ್ಲಿ ಗಿಮೆ ಅನ್ನೋ ಫ್ರೆಂಚ್ ಕೆಮಿಸ್ಟ್ ಅದನ್ನ ಹೊಡೆದ. ಅದೇ ವರ್ಷ ಜರ್ಮನಿಯ ಗ್ಮೆಲಿನ್ ಕೂಡ ತಾನೇ ಬೇರೆಯಾಗಿ ಕಂಡುಹಿಡಿದ. ಬೇಕಾದ ಸಾಮಾನು ಬಿಳಿ ಜೇಡಿ, ಸೋಡಾ, ಗಂಧಕ, ಇದ್ದಿಲು. ಇವನ್ನು ಕೂಡಿಸಿ ಸರಿಯಾಗಿ ಸುಟ್ಟರೆ ಬದಖ್‌ಶಾನಿನ ಕಲ್ಲು ರೆಡಿ. ಚಕ್ರವರ್ತಿಗಳ ಬಣ್ಣ ಒಂದೇ ತಲೆಮಾರಿನಲ್ಲಿ ಅಗಸರ ಬಕೆಟ್ಟಿಗೆ ಬಂತು. ಇಂಗ್ಲೆಂಡಿನ ಹಲ್ ಪಟ್ಟಣದ ರೆಕಿಟ್ ಕಂಪನಿ ಇದನ್ನ ಬಟ್ಟೆ ನೀಲಿ ಅಂತ ಜಗತ್ತಿಗೆಲ್ಲ ಮಾರಿತು. ನಮ್ಮಲ್ಲಿ ರಾಬಿನ್ ನೀಲಿ ಅಂದರೆ ಅದೇ ಮನೆತನ.

ಮುಂಬೈ-ಮದ್ರಾಸ್ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಯಾದಗಿರಿ ಅದೇ ಲೈನಿನ ಮೇಲಿದೆ. ಸೀಮೆಎಣ್ಣೆ, ಕಡ್ಡಿಪೆಟ್ಟಿಗೆ, ನೀಲಿ ಪುಡಿಕೆ ಎಲ್ಲ ಅದೇ ದಾರಿಯಲ್ಲಿ ನಮ್ಮ ಕಡೆ ಇಳಿದಿರಬೇಕು ಅಂತ ನನ್ನ ಊಹೆ.

ಸುಣ್ಣಕ್ಕೆ ಯಾವ ನೀಲಿ ಬೇಕಾದರೂ ಹಾಕೋಕೆ ಬರೋದಿಲ್ಲ ಅನ್ನೋದನ್ನೂ ಹೇಳಬೇಕು. 1706ರ ಸುಮಾರಿಗೆ ಬರ್ಲಿನ್‌ನಲ್ಲಿ ಡೀಸ್‌ಬಾಕ್ ಅನ್ನೋ ಬಣ್ಣದವನು ಕೆಂಪು ಮಾಡೋಕೆ ಹೋಗಿ, ಕಲಬೆರಕೆ ಪೊಟ್ಯಾಷ್ ಸಿಕ್ಕಿ, ನೀಲಿ ಮಾಡಿಬಿಟ್ಟ. ಪ್ರಷ್ಯನ್ ಬ್ಲೂ ಹುಟ್ಟಿದ್ದು ಹಾಗೆ. ಬಗ್ ಅಂತ ತಿಳಿದದ್ದು ಫೀಚರ್ ಆಗೋ ಪದ್ಧತಿ ಅಷ್ಟು ಹಳೆಯದು. ಆದರೆ ಪ್ರಷ್ಯನ್ ಬ್ಲೂ ಸುಣ್ಣಕ್ಕೆ ಬಿದ್ದರೆ ಕ್ಷಾರದ ಹೊಡೆತಕ್ಕೆ ಕಂದು ಬಣ್ಣಕ್ಕೆ ತಿರುಗುತ್ತೆ. ಅಲ್ಟ್ರಾಮರೀನ್ ಉಲ್ಟಾ, ಸುಣ್ಣದಲ್ಲಿ ಜಗ್ಗೋದಿಲ್ಲ, ಆಸಿಡ್ ಬಿದ್ದರೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬಿಟ್ಟು ಬಣ್ಣ ಕಳೆದುಕೊಳ್ಳುತ್ತೆ. ಅಜ್ಜಿಗೆ ಕೆಮಿಸ್ಟ್ರಿ ಗೊತ್ತಿರಲಿಲ್ಲ, ಸುಣ್ಣಕ್ಕೆ ಬಟ್ಟೆ ನೀಲೀನೇ ಆಗಬೇಕು ಅನ್ನೋದು ಗೊತ್ತಿತ್ತು.

ಮಲೆನಾಡಿನ ಗೆಳೆಯರು ಇಲ್ಲಿ ತಕರಾರು ತೆಗೀತಾರೆ, ಸುಣ್ಣ ನೀಲಿ ಅಂದರೆ ನಮಗೆ ಬೋರ್ಡೋ ಅಂತ. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಆ ದ್ರಾವಣ ಮೊದಲು ಬಂದದ್ದು ಫ್ರಾನ್ಸಿನ ದ್ರಾಕ್ಷಿ ತೋಟಕ್ಕೆ, 1885ರ ಹೊತ್ತಿಗೆ. ಅಡಿಕೆಯ ಕೊಳೆರೋಗಕ್ಕೆ ಅದನ್ನ ಒಗ್ಗಿಸಿದವನು ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ, ಕೆನಡಾದ ಲೆಸ್ಲಿ ಕೋಲ್ಮನ್. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಅಡಿಕೆ ಮರ, ಕೊನೆಗಾರನ ಅಂಗಿ ಎಲ್ಲ ನೀಲಿ. ನಮ್ಮ ಕಡೆ ಅಡಿಕೆ ತಿನ್ನೋದು ಮಾತ್ರ, ಹಾಗಾಗಿ ಮುಂದೆ ಹೋಗೋಣ.

ನಮ್ಮ ಭಾಗದಲ್ಲಿ ಸುಣ್ಣಕ್ಕಿಂತ ಮೊದಲೇ ಗೋಡೆಗೆ ನೀಲಿ ಬಂದಿತ್ತು, ಅದು ಬಡವರ ಗೋಡೆ ಅಲ್ಲ. ಬೀದರ್‌ಗೆ ಹೋದರೆ ಮಹಮೂದ್ ಗವಾನ್ ಮದರಸಾದ ಮುಂದೆ ನಿಂತು ತಲೆ ಎತ್ತಿ ನೋಡಿ. ಇರಾನಿನ ಗೀಲಾನ್‌ನಿಂದ ವ್ಯಾಪಾರಕ್ಕೆ ಬಂದು ಬಹಮನಿ ಪ್ರಧಾನಿ ಆದವನು ಗವಾನ್. 1472ರಲ್ಲಿ ಕಟ್ಟಿಸಿದ ಆ ಮದರಸಾದ ಹೊರಗೋಡೆಗೆ ತನ್ನ ಊರ ಕಡೆಯ ನೀಲಿ, ಹಸಿರು, ಬಿಳಿ ಹೆಂಚಿನ ಬಿಲ್ಲೆ ಹಾಕಿಸಿದ. 1696ರಲ್ಲಿ ಒಳಗೆ ಸಿಡಿಮದ್ದು ಸಿಡಿದು ಅರ್ಧ ಕಟ್ಟಡ ಹಾರಿತು. ಉಳಿದ ಬಿಲ್ಲೆಗಳು ಐದು ನೂರು ವರ್ಷದ ಬಿಸಿಲಿಗೂ ಬಣ್ಣ ಬಿಟ್ಟಿಲ್ಲ. 'ಹತ್ತು ವರ್ಷ ವಾರಂಟಿ' ಅಂತ ಜಾಹೀರಾತು ಬಂದಾಗಲೆಲ್ಲ ನನಗೆ ಬೀದರ್ ನೆನಪಾಗುತ್ತೆ.

ಗಾಜಿನ ನೀಲಿಯ ಮಾತು ಬಂತು, ಕೋಡ್ ಬರೆಯುವವರಿಗೆ ಒಂದು ತಮಾಷೆ ಹೇಳ್ತೀನಿ. ವೆಬ್ ಪುಟಕ್ಕೆ ಬಣ್ಣ ಕೊಡುವಾಗ ಸಿಎಸ್‌ಎಸ್‌ನಲ್ಲಿ 'ಪೌಡರ್‌ಬ್ಲೂ' ಅಂತ ಬರೆದರೆ ಕೆಂಪು 176, ಹಸಿರು 224, ನೀಲಿ 230ರ ಒಂದು ತಿಳಿನೀಲಿ ಬರುತ್ತೆ. ಈ ಹೆಸರು ಸಿಎಸ್‌ಎಸ್‌ಗೆ ಬಂದದ್ದು ಎಂಬತ್ತರ ದಶಕದಲ್ಲಿ ಎಂಐಟಿಯಲ್ಲಿ ಶುರುವಾದ ಎಕ್ಸ್ ವಿಂಡೋ ಸಿಸ್ಟಮ್‌ನ ಬಣ್ಣದ ಪಟ್ಟಿಯಿಂದ. ಆ ಹೆಸರಿನ ಮೂಲ ಮಾತ್ರ ಹದಿನೇಳನೇ ಶತಮಾನದ ಇಂಗ್ಲೆಂಡಿನ ಅಗಸರ ಕಟ್ಟೆಯಲ್ಲಿ ಇದೆ. ಕೋಬಾಲ್ಟ್ ಹಾಕಿದ ಗಾಜನ್ನು ಕುಟ್ಟಿ ಪುಡಿ ಮಾಡಿ, ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿಗೆ ಪೌಡರ್ ಬ್ಲೂ ಅಂತ ಹೆಸರು. ಅಂದರೆ ನಾವು ಬ್ರೌಸರಿನಲ್ಲಿ ಟೈಪ್ ಮಾಡೋದು ಅಜ್ಜಿಯ ಬಟ್ಟೆ ಗಂಟಿನ ದೂರದ ಸಂಬಂಧಿಯ ಹೆಸರನ್ನೇ.

ಈಗ ಗಿಡದ ನೀಲಿ. ಇದು ಗೋಡೆಯ ಬಣ್ಣ ಅಲ್ಲದಿದ್ದರೂ ಬಿಟ್ಟು ಮುಂದೆ ಹೋಗೋಕೆ ಮನಸ್ಸು ಬರೋದಿಲ್ಲ. ಇಂಡಿಗೋ ಅನ್ನೋ ಹೆಸರೇ ಇಂಡಿಯಾದಿಂದ ಬಂದದ್ದು, ಗ್ರೀಕರಿಗೆ ಅದು 'ಇಂಡಿಯಾದ ಸರಕು'. ಅರಬರ 'ಅನ್ನೀಲ್', ಪೋರ್ಚುಗೀಸರ 'ಅನಿಲ್', ಅದರಿಂದ ಕೆಮಿಸ್ಟ್ರಿಯ ಅನಿಲೀನ್, ಎಲ್ಲ ನಮ್ಮ 'ನೀಲ'ದ ಮಕ್ಕಳು. ಕನ್ನಡ ನಾಡಿನಲ್ಲಿ ಈ ಬಣ್ಣ ಹಾಕುವವರೇ ಒಂದು ಜಾತಿ ಆಗಿದ್ದರು, ನೀಲಗಾರರು. ಟಿಪ್ಪು ಸತ್ತ ಮರುವರ್ಷ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅವರ ಬಗ್ಗೆ ಬರೆದಿದ್ದಾನೆ. ಪೂರ್ವಕ್ಕೆ ಕಡಪ, ಕರ್ನೂಲು ಕಡೆ ನೀಲಿ ಬೆಳೆ ದೊಡ್ಡದಿತ್ತು.

ಬ್ರಿಟಿಷರು ಮೊದಲು ನೀಲಿ ತರಿಸುತ್ತಿದ್ದದ್ದು ಅಮೆರಿಕದ ಸೌತ್ ಕ್ಯಾರೊಲಿನಾದಿಂದ, ಅಲ್ಲಿ ಬೆಳೆಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಆ ಕಡೆಯ ಹಳೇ ಮನೆಗಳ ವರಾಂಡದ ಸೂರಿಗೆ ಇವತ್ತಿಗೂ ತಿಳಿನೀಲಿ ಹಚ್ಚುತ್ತಾರೆ, ದೆವ್ವ ಬರೋದಿಲ್ಲ ಅಂತ ನಂಬಿಕೆ. ಅಮೆರಿಕ ಕೈಬಿಟ್ಟು ಹೋದ ಮೇಲೆ ಕಂಪನಿ ಸರ್ಕಾರದ ಕಣ್ಣು ಬಂಗಾಳದ ಮೇಲೆ ಬಿತ್ತು. ಮುಂಗಡದ ಸಾಲ ಕೊಟ್ಟು ರೈತನ ಹೊಲ ಹಿಡಿಯುವುದು, ಭತ್ತ ಬಿಡಿಸಿ ನೀಲಿ ಬಿತ್ತಿಸುವುದು, ಒಪ್ಪದಿದ್ದರೆ ಲಾಠಿ. 1859ರಲ್ಲಿ ಬಂಗಾಳದ ರೈತರು ಬಿತ್ತೋದಿಲ್ಲ ಅಂತ ಎದ್ದು ನಿಂತರು. ಮರುವರ್ಷ ದೀನಬಂಧು ಮಿತ್ರ 'ನೀಲ ದರ್ಪಣ' ನಾಟಕ ಬರೆದ. ಅದರ ಇಂಗ್ಲಿಷ್ ಅನುವಾದ ಅಚ್ಚು ಹಾಕಿಸಿದ ಪಾದ್ರಿ ಜೇಮ್ಸ್ ಲಾಂಗ್‌ಗೆ 1861ರಲ್ಲಿ ಒಂದು ತಿಂಗಳ ಜೈಲು, ಸಾವಿರ ರೂಪಾಯಿ ದಂಡ. ಬರೆದವನು ಬ್ರಿಟಿಷ್ ಸರ್ಕಾರದ ಅಂಚೆ ಇಲಾಖೆಯಲ್ಲೇ ನೌಕರಿಯಲ್ಲಿದ್ದ, ನಾಟಕಕ್ಕೆ ತನ್ನ ಹೆಸರು ಹಾಕಿರಲಿಲ್ಲ.

ಬಿಹಾರದ ಚಂಪಾರಣ್‌ನಲ್ಲಿ ಇದು ಇನ್ನೂ ಐವತ್ತು ವರ್ಷ ನಡೀತು. ಇಪ್ಪತ್ತು ಕಠ್ಠಾ ಹೊಲದಲ್ಲಿ ಮೂರು ಕಠ್ಠಾ ನೀಲಿಗೆ ಅಂತ ಕಡ್ಡಾಯ, ತೀನ್‌ಕಠಿಯಾ. ಈ ನಡುವೆ ಜರ್ಮನಿಯ ಬಾಯರ್ ಲ್ಯಾಬಿನಲ್ಲಿ ಇಂಡಿಗೋ ಮಾಡಿ ತೋರಿಸಿದ್ದ. 1897ರಲ್ಲಿ ಬಿಎಎಸ್‌ಎಫ್ ಕಂಪನಿ ಅದನ್ನ ಮಾರ್ಕೆಟ್ಟಿಗೆ ಬಿಟ್ಟಿತು. ಗಿಡದ ನೀಲಿಯ ಬೆಲೆ ಬಿದ್ದುಹೋಯಿತು. ರೈತ ಬಚಾವಾದ ಅಂದ್ಕೊಂಡರೆ ಅದೂ ಇಲ್ಲ. ನೀಲಿ ಬೆಳೆಯೋದರಿಂದ ಬಿಡುಗಡೆ ಬೇಕಾದರೆ ಗೇಣಿ ಜಾಸ್ತಿ ಕೊಡು, ಇಲ್ಲವೇ ಇಡಿಗಂಟು ಕೊಡು ಅಂತ ತೋಟದ ಸಾಹೇಬರು ಶುರು ಮಾಡಿದರು. ಬೆಳೆದರೂ ಲಾಸು, ಬಿಟ್ಟರೂ ಲಾಸು. ರಾಜಕುಮಾರ್ ಶುಕ್ಲಾ ಅನ್ನೋ ರೈತ ಗಾಂಧಿಯ ಬೆನ್ನು ಬಿದ್ದು 1917ರಲ್ಲಿ ಚಂಪಾರಣ್‌ಗೆ ಕರೆದುಕೊಂಡು ಹೋದದ್ದು ಈ ಹೊತ್ತಿನಲ್ಲಿ. ಟೆಕ್ನಾಲಜಿ ಬದಲಾದಾಗ ಅದರ ಬಿಲ್ ಯಾರ ಕೈಗೆ ಹೋಗುತ್ತೆ ಅನ್ನೋದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಉದಾಹರಣೆ ಇದು. ಲೇಆಫ್ ಸುದ್ದಿ ಬಂದಾಗಲೆಲ್ಲ ನಾನು ಬಾಯರ್‌ನನ್ನ ನೆನೆಸ್ತೀನಿ. ಪಾಪ ಅವನದೇನೂ ತಪ್ಪಿಲ್ಲ, 1905ರಲ್ಲಿ ನೊಬೆಲ್ ಕೂಡ ಬಂತು.

ಗೋಡೆಗೆ ವಾಪಸ್ ಬರೋಣ. ನಮ್ಮ ಸುಣ್ಣವನ್ನು ಓಡಿಸಿದ್ದು ಡಿಸ್ಟೆಂಪರ್. ಎರಡನೇ ಮಹಾಯುದ್ಧದಲ್ಲಿ ಹೊರಗಿನ ಬಣ್ಣ ಬರೋದು ನಿಂತಾಗ, 1942ರಲ್ಲಿ ಮುಂಬೈನ ನಾಲ್ಕು ಗೆಳೆಯರು ಏಷ್ಯನ್ ಪೇಂಟ್ಸ್ ಶುರು ಮಾಡಿದರು. ಅವರು ಪುಡಿ ಡಿಸ್ಟೆಂಪರ್‌ಗೆ ಇಟ್ಟ ಹೆಸರು ಟ್ರ್ಯಾಕ್ಟರ್. ಹಳ್ಳಿ, ಸಣ್ಣ ಊರುಗಳ ಗಿರಾಕಿಗೆ ಎಷ್ಟು ಸರಿಯಾಗಿ ಗುರಿ ಇಟ್ಟ ಹೆಸರು ನೋಡಿ. ಕೈಯಲ್ಲಿ ತೊಟ್ಟಿಕ್ಕುವ ಕುಂಚ ಹಿಡಿದ ತುಂಟ ಹುಡುಗ ಗಟ್ಟುವನ್ನು 1954ರಲ್ಲಿ ಬರೆದುಕೊಟ್ಟವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಸುಣ್ಣದ ಗೋಡೆಗೆ ಒರಗಿದರೆ ಬೆನ್ನೆಲ್ಲ ಬಿಳಿ ಆಗುತ್ತಿತ್ತು. ಡಿಸ್ಟೆಂಪರ್ ಬಂದ ಮೇಲೆ ಸ್ವಲ್ಪ ಕಮ್ಮಿ. ನಮ್ಮ ಮನೆಗೆ ಅದು ಬಂದ ವರ್ಷವೂ ಅವ್ವ ಆರಿಸಿದ್ದು ಅಸ್ಮಾನಿಯೇ. ಶಾಲೆ, ಪಿಡಬ್ಲ್ಯೂಡಿ ಕಟ್ಟಡ, ಆಸ್ಪತ್ರೆಗಳಲ್ಲೂ ಅಗ್ಗದ ತಿಳಿನೀಲಿಯೇ ಹೋಯಿತು. ನನ್ನ ಗೆಳೆಯನ 'ಸರ್ಕಾರಿ ಆಸ್ಪತ್ರೆ' ಅಲ್ಲಿಂದ ಬಂದದ್ದು.

ಇವತ್ತಿನ ಡಬ್ಬಿಯಲ್ಲಿ ಸುಣ್ಣದ ಜಾಗಕ್ಕೆ ಟೈಟಾನಿಯಮ್ ಡೈಆಕ್ಸೈಡ್ ಬಂದಿದೆ, ನೀಲಿ ಪುಡಿಕೆಯ ಜಾಗಕ್ಕೆ ಹೆಚ್ಚಾಗಿ ಥ್ಯಾಲೊ ಬ್ಲೂ. ಅದೂ ಆಕಸ್ಮಿಕವೇ. 1928ರಲ್ಲಿ ಸ್ಕಾಟ್ಲೆಂಡಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಬಿಳಿ ಪದಾರ್ಥ ಮಾಡುವ ಪಾತ್ರೆಯೊಂದು ಒಡೆದು ಕಬ್ಬಿಣ ಸೇರಿ ನೀಲಿ ಕಲೆ ಕಾಣಿಸಿತು, 1935ರಲ್ಲಿ ಅದರ ತಾಮ್ರದ ರೂಪ ಮಾರಾಟಕ್ಕೆ ಬಂತು. ಈಗ ಜಗತ್ತಿನ ಥ್ಯಾಲೊ ನೀಲಿಯಲ್ಲಿ ದೊಡ್ಡ ಪಾಲು ಗುಜರಾತಿನ ಕಾರ್ಖಾನೆಗಳದ್ದು. 2009ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಚೆನ್ನೈ ಮೂಲದ ಮಾಸ್ ಸುಬ್ರಮಣಿಯನ್ ಅವರ ಲ್ಯಾಬಿನಲ್ಲಿ, ಎಲೆಕ್ಟ್ರಾನಿಕ್ಸ್‌ಗೆ ಏನೋ ಹುಡುಕುವಾಗ, ಇನ್ನೊಂದು ಹೊಸ ನೀಲಿ ಸಿಕ್ಕಿತು. ನೀಲಿಯನ್ನು ಹುಡುಕಿಕೊಂಡು ಹೋದವರಿಗಿಂತ ನೀಲಿಯೇ ಹುಡುಕಿಕೊಂಡು ಬಂದವರು ಜಾಸ್ತಿ. ಅಂಗಡಿಯ ಟಿಂಟಿಂಗ್ ಮಷೀನ್ ಮಾಡೋದು ನೋಡಿದ್ದೀರಲ್ಲ? 20 ಲೀಟರ್ ಬಿಳಿ ಬಕೆಟ್ಟಿಗೆ ಕಡ್ಡಿಯಷ್ಟು ತೆಳುವಾದ ನೀಲಿ ಧಾರೆ ಒಂದೆರಡು ಕ್ಷಣ ಬೀಳುತ್ತೆ, ಮೇಲೊಂದು ಹನಿ ಕಪ್ಪು. ಆಮೇಲೆ ಬಕೆಟ್ಟನ್ನು ಕುಲುಕುತ್ತೆ. ಅಜ್ಜಿಯ ಗಂಟಿಗೂ ಇದಕ್ಕೂ ಇರುವ ವ್ಯತ್ಯಾಸ ಅಂದರೆ, ಮಷೀನ್ ಮುಂದಿನ ಸಲವೂ ಅದೇ ಬಣ್ಣ ಕೊಡುತ್ತೆ.

ಆಯ್ಕೆ ಮಾಡೋರಿಗೆ ಉಪಯೋಗ ಆಗಲಿ ಅಂತ ನಾನು ಕಲಿತದ್ದು ಹೇಳಿಬಿಡ್ತೀನಿ. ಕಾರ್ಡಿನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿ ತಗೊಳ್ಳಿ, ನಾಲ್ಕು ಗೋಡೆಗೆ ಬಿದ್ದಾಗ ಒಂದಕ್ಕೊಂದು ಪ್ರತಿಫಲಿಸಿ ಬಣ್ಣ ಗಾಢ ಆಗುತ್ತೆ. ಉತ್ತರದ ಬೆಳಕಿನ ಕೋಣೆಗೆ ಬೂದು ಬೆರೆತ ನೀಲಿ ಹಾಕಿದರೆ ಮಧ್ಯಾಹ್ನವೂ ಮೋಡ ಕವಿದ ಹಾಗೆ. ಹಳದಿ ಎಲ್‌ಇಡಿ ಕೆಳಗೆ ತಿಳಿನೀಲಿ ಸ್ವಲ್ಪ ಹಸಿರಿಗೆ ತಿರುಗುತ್ತೆ, 6500 ಕೆಲ್ವಿನ್‌ನ ಬಿಳಿ ಟ್ಯೂಬ್ ಕೆಳಗೆ ನಿಜವಾಗಿಯೂ ಆಸ್ಪತ್ರೆ ಆಗುತ್ತೆ. 4000ದ ಆಸುಪಾಸು ಒಳ್ಳೆಯದು. ಮತ್ತೆ, ನೀಲಿ ಗೋಡೆಯಿಂದ ಕೋಣೆ ತಂಪಾಗೋದಿಲ್ಲ. ತಂಪು ಅನ್ನಿಸುತ್ತೆ, ಅಷ್ಟೇ. ಯಾದಗಿರಿಯ ಮೇ ತಿಂಗಳ ಬಿಸಿಲಿಗೆ ನಿಜವಾಗಿ ಕೆಲಸ ಮಾಡೋದು ಮಾಳಿಗೆ ಮೇಲೆ ಹಚ್ಚಿದ ಬಿಳಿ ಸುಣ್ಣ. ಹೊಸ ಮನೆಯ ಸ್ಲ್ಯಾಬ್ ಮೇಲೂ ಅದನ್ನೇ ಹಚ್ಚಿಸಿದ್ದೀವಿ.

ಹಾಲ್, ಎರಡು ಬೆಡ್‌ರೂಮ್, ಅಡುಗೆಮನೆ, ಎಲ್ಲದಕ್ಕೂ ತಿಳಿನೀಲಿ ಅಂತ ಆಯಿತು. ಹೊರಗೋಡೆಗೂ ಅದೇ ಇರಲಿ ಅಂತ ನಾನು ಫ್ಯಾಮಿಲಿ ಗ್ರೂಪಿನಲ್ಲಿ ಫೋಟೋ ಹಾಕಿದೆ. ಅರ್ಧ ಗಂಟೆಯಲ್ಲಿ ಕಾಕಾನ ಫೋನ್ ಬಂತು.

"ಒಳಗ ಏನರ ಹಚ್ಚು ತಮ್ಮಾ, ಹೊರಗ ನೀಲಿ ಬ್ಯಾಡ."

"ಯಾಕ ಕಾಕಾ?"

"ಯಾಕಂದ್ರ... ನೋಡಿದವ್ರು ಏನ್ ತಿಳ್ಕೋತಾರ? ಮಂದಿ ಬ್ಯಾರೇನ ತಿಳ್ಕೋತಾರ."

ಬೇರೆ ಅಂದರೆ ಏನು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ನಿಮಗೂ ಗೊತ್ತಾಗಿರಬೇಕು.

1942ರಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಧ್ವಜ ನೀಲಿ. ಆಮೇಲೆ ರಿಪಬ್ಲಿಕನ್ ಪಕ್ಷ, ಬಿಎಸ್‌ಪಿ, ಊರೂರಿನ ಪ್ರತಿಮೆಯ ಕೋಟು, ಏಪ್ರಿಲ್ 14ರ ಮೆರವಣಿಗೆಯ ಶಾಲು, ಎಲ್ಲ ನೀಲಿ. ಯಾಕೆ ನೀಲಿಯೇ ಅನ್ನೋದಕ್ಕೆ ಹಲವು ವಿವರಣೆ ಇವೆ. ಆಕಾಶದ ಕೆಳಗೆ ಎಲ್ಲರೂ ಒಂದೇ ಅನ್ನೋದು ಜನರ ಬಾಯಲ್ಲಿ ಹೆಚ್ಚು ಓಡಾಡುವ ಮಾತು. ನೋಡಿ, ಅಸ್ಮಾನಿ ಅಂದರೂ ಅದೇ ಆಕಾಶ. ನಮ್ಮ ಭಾಗದ ಕೇರಿಗಳಲ್ಲಿ ಈಗ ಮನೆಯ ಮುಂಭಾಗಕ್ಕೆ ನೀಲಿ ಹಚ್ಚಿದರೆ ಅದಕ್ಕೊಂದು ಅರ್ಥ ಇದೆ. ಜೋಧಪುರದಲ್ಲಿ ಇದೇ ಸುಣ್ಣ-ನೀಲಿ ಬ್ರಾಹ್ಮಣರ ಮನೆಯ ಗುರುತು ಆಗಿತ್ತು ಅಂತಾರೆ, ಟೂರಿಸ್ಟರು ದುಡ್ಡು ಕೊಟ್ಟು ನೋಡಿ ಬರ್ತಾರೆ. ಬಣ್ಣ ಒಂದೇ. ಯಾರ ಗೋಡೆ ಮೇಲೆ ಇದೆ ಅನ್ನೋದರ ಮೇಲೆ ಅದು ಹೆರಿಟೇಜೋ, 'ಮಂದಿ ಏನ್ ತಿಳ್ಕೋತಾರ'ವೋ ಆಗುತ್ತೆ.

ನನಗೆ ಕಾಡೋದು ಕಾಕಾನ ಮಾತಿಗಿಂತ ಅದರ ಹೊಸತನ. ಅಜ್ಜಿ ಗಂಟು ಅದ್ದುತ್ತಿದ್ದ ಕಾಲದಲ್ಲಿ ನಮ್ಮ ಮನೆಯ ಹೊರಗೋಡೆಯೂ ಅಸ್ಮಾನಿಯೇ ಇತ್ತು, ಕಾಕಾ ಹುಟ್ಟಿ ಬೆಳೆದದ್ದು ಆ ಗೋಡೆಯ ಒಳಗೇ. ಆಗ ಯಾರೂ ಏನೂ ತಿಳಿದುಕೊಳ್ಳಲಿಲ್ಲ, ಯಾಕಂದರೆ ಆ ಬಣ್ಣ ಇನ್ನೂ ಯಾರ ಬಾಯಲ್ಲೂ ಮಾತಾಡುತ್ತಿರಲಿಲ್ಲ. ಹಾಗಂತ ಆಗಿನ ಗೋಡೆ ಮುಗ್ಧ ಅಂತಲೂ ಅಲ್ಲ. ನಮ್ಮ ಮನೆಗೆ ಸುಣ್ಣ ಹಚ್ಚೋಕೆ ಬರುತ್ತಿದ್ದವರು ಕೇರಿಯಿಂದ ಬರುತ್ತಿದ್ದರು. ಅವರ ಕುಂಚ ಹೊರಗೋಡೆ, ದನದ ಕೊಟ್ಟಿಗೆ, ಪಡಸಾಲೆಯ ತನಕ. ಅಡುಗೆಮನೆ, ದೇವರಮನೆಗೆ ಅಜ್ಜಿ ಮತ್ತು ಅವ್ವ ಸೀರೆ ಎತ್ತಿ ಕಟ್ಟಿ ತಾವೇ ಹಚ್ಚುತ್ತಿದ್ದರು. ಒಂದೇ ಡ್ರಮ್ಮಿನ ಸುಣ್ಣ, ಎರಡು ಬಕೆಟ್. ಆ ಎರಡು ಬಕೆಟ್ ಯಾಕೆ ಅಂತ ಸಣ್ಣವನಿದ್ದಾಗ ಕೇಳಿದ್ದಕ್ಕೆ ಸಿಕ್ಕಿದ ಉತ್ತರ, "ಹಂಗ ಇರ್ತದ, ಹೋಗು ಆಟ ಆಡು."

ಈ ಸಲ ಪೇಂಟಿಂಗ್ ಕಾಂಟ್ರಾಕ್ಟ್ ಹಿಡಿದ ಹುಡುಗ ಅದೇ ಕೇರಿಯವನು, ಯಾದಗಿರಿಯಲ್ಲಿ ಐಟಿಐ ಮುಗಿಸಿ ಈಗ ನಾಲ್ಕು ಜನರ ಟೀಮ್ ಇಟ್ಟುಕೊಂಡಿದ್ದಾನೆ. ಅಡುಗೆಮನೆ, ದೇವರಮನೆ ಎಲ್ಲಕ್ಕೂ ಅವನದೇ ರೋಲರ್. ಅವ್ವ ಮೊದಲ ದಿನ ಸ್ವಲ್ಪ ಸುಮ್ಮನಿದ್ದಳಂತೆ, ಎರಡನೇ ದಿನ ದೇವರಮನೆಯ ಮಾಡದ ಒಳಗೆ ಬಣ್ಣ ಸರಿ ಬಿದ್ದಿಲ್ಲ ಅಂತ ಅವನ ಹತ್ತಿರ ಜಗಳ ತೆಗೆದಳಂತೆ. ಹೊರಗೋಡೆಯ ವಿಷಯ ಅವನ ಕಿವಿಗೂ ಬಿದ್ದಿದೆ. ಫೋನ್ ಮಾಡಿ ಕೇಳಿದ, "ಅಣ್ಣಾ, ಹೊರಗ ಯಾವ್ದು ತರ್ಲಿ? ನಿಮ್ಮ ಕಾಕಾ ಕ್ರೀಮ್ ತಾ ಅಂತಾರ, ನೀವು ಬ್ಯಾರೆ ನಂಬರ್ ಕಳಸೀರಿ." ದನಿಯಲ್ಲಿ ನಗು ಇತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಹೊರಗೋಡೆಗೆ ಸದ್ಯ ಪ್ರೈಮರ್ ಬಿದ್ದಿದೆ. ಮೈಲಾಪುರ ಜಾತ್ರೆಯ ಒಳಗೆ ಮುಗಿಸಬೇಕು ಅಂತ ಅಪ್ಪನ ಹಠ, ಬಣ್ಣದ ಬಗ್ಗೆ ಮಾತ್ರ ಅಪ್ಪ ಇನ್ನೂ ಬಾಯಿ ಬಿಟ್ಟಿಲ್ಲ. ಕಾಕಾ ದಿನಕ್ಕೊಂದು ಕ್ರೀಮ್ ಮನೆಯ ಫೋಟೋ ಗ್ರೂಪಿಗೆ ಹಾಕ್ತಿದ್ದಾನೆ. ನಾನು ಕಳಿಸಿದ ನಂಬರ್ ಬದಲಾಯಿಸಿಲ್ಲ, ಒಳಗಿನದ್ದೇ, 20 ಲೀಟರಿನ ಎರಡು ಬಕೆಟ್.